ಮೈಕ್ರೋ ರಚನೆ ಮಾಡಿದರೂ ಕುದಿತ ಸುಧಾರಿಸಿಲ್ಲವೇ? ಪೂಲ್ ಬಾಯ್ಲಿಂಗ್ ರಿಗ್‌ನ ದೋಷ ಹುಡುಕುವ ಕೈಪಿಡಿ

ತಾಮ್ರದ ತುಂಡಿನ ಮೇಲೆ ಸಣ್ಣ ಕಂಬಗಳನ್ನೋ ಕಾಲುವೆಗಳನ್ನೋ ಕೊರೆದು, ಇಲ್ಲವೇ ತಾಮ್ರದ ಪುಡಿಯನ್ನು ಸಿಂಟರ್ ಮಾಡಿ (ಪೂರ್ತಿ ಕರಗಿಸದೆ ಕಾಯಿಸಿ ಬೆಸೆದು) ಕೂರಿಸಿ, ನಿಂತ ನೀರಿನಲ್ಲಿ ಕುದಿಸಿ ನೋಡುವವರಿಗಾಗಿ ಇದನ್ನು ಬರೆದಿದ್ದೇನೆ. ಹೀಗೆ ನಿಂತ ನೀರಿನಲ್ಲಿ ಕುದಿಸುವುದೇ ಪೂಲ್ ಬಾಯ್ಲಿಂಗ್. ಎಂ.ಟೆಕ್ ಪ್ರಾಜೆಕ್ಟ್ ಆಗಲಿ, ಪಿಎಚ್‌ಡಿ ಆಗಲಿ, ರಿಗ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಕೆಳಗೆ ಕಾರ್ಟ್ರಿಡ್ಜ್ ಹೀಟರ್ ತೂರಿಸಿದ ತಾಮ್ರದ ಬ್ಲಾಕ್. ಅದರ ಕುತ್ತಿಗೆಯಲ್ಲಿ ಸಾಲಾಗಿ ಮೂರ್ನಾಲ್ಕು ಥರ್ಮೋಕಪಲ್ (ತಾಪ ಅಳೆಯುವ ತಂತಿ). ಮೇಲೆ ಪರೀಕ್ಷೆಯ ತುಂಡು, ಸುತ್ತ ಗಾಜಿನ ಪಾತ್ರೆ. ನೀರನ್ನು ಕುದಿಯುವ ತಾಪದಲ್ಲೇ ಇಡಲು ಇನ್ನೊಂದು ಹೀಟರ್, ಎಲ್ಲದರ ಮೇಲೆ ಕಂಡೆನ್ಸರ್.

ಇಂಥ ರಿಗ್‌ಗಳ ಬಗ್ಗೆ ಬರುವ 'ರಚನೆ ಕೆಲಸ ಮಾಡ್ತಿಲ್ಲ' ಎಂಬ ದೂರು, ನಾನು ಕಂಡ ಮಟ್ಟಿಗೆ, ಹೆಚ್ಚಾಗಿ ರಚನೆಯದ್ದಲ್ಲ, ಅಳತೆಯದ್ದು. 'ಅದ್ಭುತವಾಗಿ ಕೆಲಸ ಮಾಡ್ತಿದೆ' ಎಂಬ ಖುಷಿಯೂ ಎಷ್ಟೋ ಸಲ ಅಳತೆಯದ್ದೇ. ಹಾಗಾಗಿ ಇಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಮೊದಲು, ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕೊನೆಗೆ. ಇನ್ನೊಂದು ಮಾತು: ನಯವಾದ ಪ್ಲೇನ್ ತುಂಡಿನ ಮೇಲೆ ಕರ್ವ್ (ಮೇಲ್ಮೈ ತಾಪ ಏರಿದಂತೆ ನೀರಿಗೆ ಹೋಗುವ ಶಾಖ ಎಷ್ಟು ಏರುತ್ತದೆ ಎಂಬ ಗೆರೆ; ಅಡ್ಡಕ್ಕೆ ತಾಪ, ಮೇಲಕ್ಕೆ ಶಾಖ) ಸರಿಯಾಗಿ ಬರುವ ತನಕ ರಚನೆಯ ತುಂಡನ್ನು ಡಬ್ಬಿಯಿಂದ ಹೊರಗೆ ತೆಗೆಯಲೇಬೇಡಿ.

ಸರಿ ಅಂದರೆ ಎಷ್ಟು? ವಾತಾವರಣದ ಒತ್ತಡದಲ್ಲಿ ನೀರಿಗೆ ಜುಬರ್ 1959ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಕ್ರಿಟಿಕಲ್ ಹೀಟ್ ಫ್ಲಕ್ಸ್, ಅಂದರೆ ಸಿಎಚ್‌ಎಫ್, ಚದರ ಸೆಂಟಿಮೀಟರಿಗೆ ಸುಮಾರು 110 ವ್ಯಾಟ್. ಹೀಟ್ ಫ್ಲಕ್ಸ್ ಎಂದರೆ ಒಂದು ಚದರ ಸೆಂ.ಮೀ. ಮೂಲಕ ಹರಿಯುವ ಶಾಖ; ಸಿಎಚ್‌ಎಫ್ ಅದರ ಮೇಲಿನ ಮಿತಿ. ಅದಕ್ಕಿಂತ ಮೇಲೆ ಹೋದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಆವಿಯ ಹೊದಿಕೆಯಾಗುತ್ತವೆ, ಮೇಲ್ಮೈ ಒಣಗುತ್ತದೆ. ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ ನೀರಿನ ಹನಿ ಆರದೆ ಓಡಾಡುತ್ತದಲ್ಲ, ಅದೇ ಸ್ಥಿತಿ. ಇನ್ನು ಸೂಪರ್‌ಹೀಟ್, ಅಂದರೆ ಮೇಲ್ಮೈ ತಾಪ ಕುದಿಯುವ ತಾಪಕ್ಕಿಂತ ಎಷ್ಟು ಜಾಸ್ತಿ ಎಂಬುದು. ರೋಸೆನೋ ಸೂತ್ರ ಹಾಕಿದರೆ, ಪಾಲಿಶ್ ಮಾಡಿದ ತಾಮ್ರಕ್ಕೆ ಚದರ ಸೆಂ.ಮೀ.ಗೆ 100 ವ್ಯಾಟ್‌ನಲ್ಲಿ ಸುಮಾರು 19 ಡಿಗ್ರಿ ಬರಬೇಕು. ಈ ಎರಡು ಅಂಕಿಗಳನ್ನು ರಿಗ್‌ನ ಪಕ್ಕದಲ್ಲೇ ಬರೆದು ಅಂಟಿಸಿಡಿ.

## ಸ್ವಿಚ್ ಹಾಕುವ ಮುಂಚೆ

ನೀರು, 230 ವೋಲ್ಟ್, ಬಿಸಿ ಗಾಜು ಮೂರೂ ಒಂದೇ ಮೇಜಿನ ಮೇಲಿವೆ. ಬ್ಲಾಕ್‌ಗೆ ಅರ್ಥಿಂಗ್ ಇರಲೇಬೇಕು. ಲೈನಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರಲೇಬೇಕು. ಹೀಟರ್‌ನ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟಾಟನ್ನು ಸೊನ್ನೆಗೆ ತಿರುಗಿಸಿದ ಕೂಡಲೇ ಕರೆಂಟ್ ಹೋಯಿತು ಎಂದುಕೊಳ್ಳಬೇಡಿ. ಅದು ಆಟೋಟ್ರಾನ್ಸ್‌ಫಾರ್ಮರ್, ಲೈನಿನಿಂದ ನಿಮ್ಮನ್ನು ಬೇರ್ಪಡಿಸುವುದಿಲ್ಲ. ವೈರ್ ಮುಟ್ಟಬೇಕಾದರೆ ಪ್ಲಗ್ ಕಿತ್ತೇ ಮುಟ್ಟಿ.

ತಾಪ ಮಿತಿ ಮೀರಿದರೆ ತಾನೇ ಹೀಟರ್ ಆರಿಸುವ ಕಟ್-ಆಫ್ ಇಲ್ಲದೆ ಸಿಎಚ್‌ಎಫ್ ಹತ್ತಿರ ಹೋಗಬೇಡಿ. ಗಾಜಿನ ಮುಂದೆ ಪಾಲಿಕಾರ್ಬೊನೇಟ್ ಹಾಳೆ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿ. ಕಂಡೆನ್ಸರ್‌ನ ಮೇಲಿನ ಬಾಯಿ ತೆರೆದೇ ಇರಬೇಕು. ಪೂರ್ತಿ ಮುಚ್ಚಿದ ಪಾತ್ರೆಯಲ್ಲಿ ಕುದಿಸುವುದಾದರೆ ರಿಲೀಫ್ ವಾಲ್ವ್ ಬೇಕು, ಅದನ್ನು ಗೊತ್ತಿರುವವರಿಂದ ಹಾಕಿಸಿ. 'ಎರಡು ನಿಮಿಷ ಟೀ ಕುಡಿದು ಬರ್ತೀನಿ' ಎಂದು ರಿಗ್ ಬಿಟ್ಟು ಹೋಗುವ ಅಭ್ಯಾಸ ಬೇಡ.

## ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ

ಬಹಳ ದಿನ ಸುಮ್ನೆ ಬಿದ್ದಿದ್ದ ರಿಗ್ ಆದರೆ ಕಾರ್ಟ್ರಿಡ್ಜ್ ಹೀಟರ್ ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿರುತ್ತದೆ. ಹೀಟರ್ ಬಿಚ್ಚಿ ಓವನ್‌ನಲ್ಲಿ ಒಣಗಿಸಿ, ಮೆಗ್ಗರ್ ಹಾಕಿ ಇನ್ಸುಲೇಷನ್ ನೋಡಿ. ಒಣಗಿದ ಮೇಲೂ ಬಿದ್ದರೆ ಸೀಲ್ ದಾಟಿ ನೀರು ಕೆಳಗಿಳಿದಿರಬಹುದು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ರನ್ ಮುಗಿಸುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

## ಗುಳ್ಳೆ ಬೇಗ ಬರುತ್ತಿದೆ, ಸೂಪರ್‌ಹೀಟ್ ಮೈನಸ್ ತೋರಿಸುತ್ತಿದೆ

ಮೊದಲ ಪ್ರಶ್ನೆ: ನಿಮ್ಮ ಲ್ಯಾಬ್ ಎಲ್ಲಿದೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಮಂಗಳೂರಿನಲ್ಲಿ 100ರ ಹತ್ತಿರ. ಎಕ್ಸೆಲ್ ಹಾಳೆಯಲ್ಲಿ 100 ಎಂದು ಹಾಕಿಟ್ಟರೆ ಬೆಂಗಳೂರಿನ ಪ್ರತಿ ಅಂಕಿಯಲ್ಲೂ 3 ಡಿಗ್ರಿ ತಪ್ಪು. ಒಳ್ಳೆಯ ರಚನೆಯ ಇಡೀ ಸೂಪರ್‌ಹೀಟೇ 5–6 ಡಿಗ್ರಿ ಇರುವಾಗ 3 ಡಿಗ್ರಿ ಎಂದರೆ ಅರ್ಧ ಪಾಲು! ಕುದಿಯುವ ತಾಪವನ್ನು ಪುಸ್ತಕದಿಂದ ತರಬೇಡಿ. ಅದೇ ಪಾತ್ರೆಯಲ್ಲಿ, ಅದೇ ಹೊತ್ತಿನಲ್ಲಿ ಅಳೆಯಿರಿ. ಸಿಎಚ್‌ಎಫ್ ಕೂಡ ಒತ್ತಡದ ಜೊತೆ ಇಳಿಯುತ್ತದೆ. ಬೆಂಗಳೂರಿನ ಒತ್ತಡಕ್ಕೆ ಜುಬರ್ ಅಂಕಿ 110ರಿಂದ ಸುಮಾರು 106ಕ್ಕೆ ಬರುತ್ತದೆ.

ಹಾಗೆಯೇ ಕಂಡೆನ್ಸರ್ ಬಾಯಿ ಎಲ್ಲಾದರೂ ಕಟ್ಟಿಕೊಂಡಿದೆಯೇ ನೋಡಿ. ಒಳಗಿನ ಒತ್ತಡ 1 ಕಿಲೋಪಾಸ್ಕಲ್ ಏರಿದರೆ ಕುದಿಯುವ ತಾಪ ಕಾಲು ಡಿಗ್ರಿಗಿಂತ ತುಸು ಜಾಸ್ತಿ ಏರುತ್ತದೆ.

ಎರಡನೆಯದು, ಥರ್ಮೋಕಪಲ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ. ಸಾಮಾನ್ಯ ದರ್ಜೆಯ ಕೆ-ಟೈಪ್‌ಗೆ 2.2 ಡಿಗ್ರಿ ಆಚೀಚೆ ಆಗುವ ಅನುಮತಿಯೇ ಇದೆ. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕುದಿಯುವ ನೀರಿನಲ್ಲಿ ಮುಳುಗಿಸಿ, ವ್ಯತ್ಯಾಸ ಬರೆದುಕೊಂಡು ಪ್ರತಿ ಚಾನೆಲ್‌ನಿಂದ ಕಳೆಯಿರಿ. ಇದಕ್ಕೆ ಖರ್ಚೇ ಇಲ್ಲ. ತಾಮ್ರದಲ್ಲಿ ಚದರ ಸೆಂ.ಮೀ.ಗೆ 100 ವ್ಯಾಟ್ ಹರಿಯುವಾಗ ಪ್ರತಿ ಮಿ.ಮೀ.ಗೆ ಸುಮಾರು 2.6 ಡಿಗ್ರಿ ಇಳಿಯುತ್ತದೆ. 10 ಮಿ.ಮೀ. ಅಂತರದ ಎರಡು ಥರ್ಮೋಕಪಲ್ ನಡುವೆ 26 ಡಿಗ್ರಿ ಸಿಗುತ್ತದೆ, ಒಂದು ಡಿಗ್ರಿ ತಪ್ಪಿದ್ದರೂ ಪರವಾಗಿಲ್ಲ. ಆದರೆ 10 ವ್ಯಾಟ್‌ನಲ್ಲಿ ಸಿಗುವುದು ಬರೀ 2.6 ಡಿಗ್ರಿ. ಅಲ್ಲಿ ಒಂದು ಡಿಗ್ರಿ ತಪ್ಪಾದರೆ ಹೀಟ್ ಫ್ಲಕ್ಸ್ ಅಂಕಿಗೆ ಅರ್ಥವೇ ಇರುವುದಿಲ್ಲ. ಕರ್ವ್‌ನ ಕೆಳಗಿನ ತುದಿ ವಿಚಿತ್ರವಾಗಿ ಕುಣಿಯುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ.

ಮೂರನೆಯದು ನೀರಿನಲ್ಲಿ ಕರಗಿದ ಗಾಳಿ. ಗಾಜಿನ ಹತ್ತಿರ ಕಣ್ಣಿಟ್ಟು ನೋಡಿ. ಗಾಳಿಯ ಗುಳ್ಳೆ ಸಣ್ಣದು, ಗೋಡೆಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಮೇಲೆ ಬಂದರೂ ಕುಗ್ಗುವುದಿಲ್ಲ. ಆವಿಯ ಗುಳ್ಳೆ ಹುಟ್ಟಿದ ಕ್ಷಣಕ್ಕೇ ಊದಿಕೊಂಡು ಕಿತ್ತು ಹೋಗುತ್ತದೆ. ಸುತ್ತಲಿನ ನೀರು ತಣ್ಣಗಿದ್ದರೆ ಅಲ್ಲೇ ಕುಸಿದು ಚಿಟಚಿಟ ಎನ್ನುತ್ತದೆ. ಅಂಟಿದ ಗುಳ್ಳೆಗಳೇ ಜಾಸ್ತಿ ಕಂಡರೆ ಪಕ್ಕದ ಹೀಟರ್ ಹಾಕಿ ನೀರನ್ನು ಗಂಟೆಗಟ್ಟಲೆ ಬಿರುಸಾಗಿ ಕುದಿಸಿ, ಗಾಳಿ ಓಡಿಸಿ, ಆಮೇಲೆ ಅಳತೆ ಶುರು ಮಾಡಿ. ನೀರಿನ ಬದಲು ಎಫ್‌ಸಿ-72 ಥರದ ಫ್ಲೋರಿನ್ ದ್ರವ ಬಳಸುವವರಿಗೆ ಇದು ಇನ್ನೂ ಮುಖ್ಯ. ಅದು 100 ಮಿ.ಲೀ.ಗೆ ಸುಮಾರು 48 ಮಿ.ಲೀ. ಗಾಳಿ ಕುಡಿದಿರುತ್ತದೆ.

## ಗುಳ್ಳೆಗಳೆಲ್ಲ ಅಂಚಿನಲ್ಲೇ, ಮಧ್ಯ ಖಾಲಿ

ಮೊಬೈಲ್ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಹಾಕಿ, ಪಕ್ಕದಿಂದ ಬೆಳಕು ಬಿಟ್ಟು ನೋಡಿ. ತುಂಡಿನ ಸುತ್ತ ಸಿಲಿಕೋನ್ ಸೀಲ್ ಇರುವ ಕಡೆ ಮಣಿ ಪೋಣಿಸಿದ ಹಾಗೆ ಒಂದೇ ಜಾಗದಿಂದ ಗುಳ್ಳೆಗಳ ಸಾಲು ಏಳುತ್ತಿದ್ದರೆ, ಕುದಿಯುತ್ತಿರುವುದು ನಿಮ್ಮ ರಚನೆಯಲ್ಲ. ಸೀಲಿಗೂ ಲೋಹಕ್ಕೂ ನಡುವಿನ ಸಂದು ಕುದಿಯುತ್ತಿದೆ. ಗುಳ್ಳೆಗೆ ಅಂಥ ಸಂದು ಸಿಕ್ಕಿದರೆ ಹಬ್ಬ. ಸೀಲಿನ ತುಟಿ ತುಂಡಿಗಿಂತ ಕೂದಲೆಳೆಯಷ್ಟು ಮೇಲೆ ಎದ್ದಿದ್ದರೂ ಸಾಕು, ಕೆಳಗೆ ಇಳಿದಿದ್ದರೂ ಸಾಕು.

ಈ ದೋಷ ಕರ್ವ್‌ನಲ್ಲಿ ಒಳ್ಳೆಯದಾಗಿ ಕಾಣುತ್ತದೆ ಎನ್ನುವುದೇ ತೊಂದರೆ. ಕುದಿತ ಬೇಗ ಶುರುವಾಗುತ್ತದೆ, ಸೂಪರ್‌ಹೀಟ್ ಕಮ್ಮಿ ಕಾಣುತ್ತದೆ. ಹಳೆಯ ಸೀಲ್ ಕೆರೆದು ತೆಗೆದು, ಅಸಿಟೋನ್‌ನಲ್ಲಿ ಒರೆಸಿ, ಹೊಸದಾಗಿ ಹಚ್ಚಿ ಪೂರ್ತಿ ಒಣಗಲು ಬಿಡಿ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಹೀಟರ್ ತಣ್ಣಗಿರಲಿ, ಕಿಟಕಿ ತೆಗೆದಿರಲಿ. ಮತ್ತೆ ಮತ್ತೆ ಹೀಗೇ ಆದರೆ ತುಂಡಿನ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ. ಅಂಚಿನವರೆಗೂ ರಚನೆ ಮಾಡದೆ, ಸುತ್ತ ಒಂದು ಮೆಟ್ಟಿಲು ಕೊಟ್ಟು, ಸೀಲ್ ಆ ಮೆಟ್ಟಿಲ ಮೇಲೆ ಕೂರುವ ಹಾಗೆ ಮಾಡಿಸಿ. ಇದು ಮಷಿನ್ ಶಾಪಿನ ಕೆಲಸ.

## ಕರ್ವ್ ಬಲಕ್ಕೆ ವಾಲಿದೆ, ಪ್ಲೇನ್ ತುಂಡಿಗೇ 35–40 ಡಿಗ್ರಿ

19 ಡಿಗ್ರಿ ಬರಬೇಕಾದ ಕಡೆ ಇದರ ದುಪ್ಪಟ್ಟು ಬಂದರೆ ಮೇಲ್ಮೈಯನ್ನು ಬೈಯಬೇಡಿ. ಥರ್ಮೋಕಪಲ್‌ನಿಂದ ಮೇಲ್ಮೈವರೆಗಿನ ದಾರಿ ನೋಡಿ. ಪರೀಕ್ಷೆಯ ತುಂಡನ್ನು ಬ್ಲಾಕ್‌ಗೆ ಹೇಗೆ ಅಂಟಿಸಿದ್ದೀರಿ? ಥರ್ಮಲ್ ಪೇಸ್ಟ್ ಆದರೆ ಒಂದು ಸಣ್ಣ ಲೆಕ್ಕ ಹಾಕಿ. 50 ಮೈಕ್ರಾನ್ ದಪ್ಪ, ಉಷ್ಣವಾಹಕತೆ 3 W/m·K ಇರುವ ಪೇಸ್ಟ್‌ನಲ್ಲಿ ಚದರ ಸೆಂ.ಮೀ.ಗೆ 100 ವ್ಯಾಟ್ ಹರಿಸಿದರೆ ಅದೊಂದರಲ್ಲೇ ಸುಮಾರು 17 ಡಿಗ್ರಿ ಹೋಗುತ್ತದೆ. ಅದೇ ಜಾಗದಲ್ಲಿ 100 ಮೈಕ್ರಾನ್ ಸೋಲ್ಡರ್ ಇದ್ದರೆ ಹೋಗುವುದು 2 ಡಿಗ್ರಿ. ಈ ಕೆಲಸಕ್ಕೆ ಪೇಸ್ಟ್ ಬೇಡವೇ ಬೇಡ.

ಸೋಲ್ಡರ್ ಹಾಕಿದ್ದರೂ ಒಳಗೆ ಗಾಳಿಯ ಗುಂಡಿ ಉಳಿದಿರಬಹುದು. ಇದನ್ನು ಹಿಡಿಯುವ ಸುಲಭದ ದಾರಿ: ಸೂಪರ್‌ಹೀಟ್ ಮತ್ತು ಹೀಟ್ ಫ್ಲಕ್ಸ್‌ನ ಗೆರೆ ನೋಡಿ. ನಿಜವಾದ ಕುದಿತದಲ್ಲಿ ಸೂಪರ್‌ಹೀಟ್ ಸ್ವಲ್ಪ ಏರಿದರೂ ಫ್ಲಕ್ಸ್ ಜೋರಾಗಿ ಏರುತ್ತದೆ, ಗೆರೆ ಕಡಿದಾಗಿ ನಿಲ್ಲುತ್ತದೆ. ಜಾಯಿಂಟ್ ತೊಂದರೆ ಇದ್ದರೆ ಎರಡೂ ಸಮಸಮ ಏರುತ್ತವೆ, ಗೆರೆ ನೇರವಾಗಿ ಓರೆಯಾಗಿ ಹೋಗುತ್ತದೆ. ಸಿಲಿಕಾನ್ ಚಿಪ್ ಬಳಸುವವರು ಚಿಪ್‌ನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಮಿ.ಮೀ. ಸಿಲಿಕಾನ್‌ನಲ್ಲಿ ಇದೇ ಫ್ಲಕ್ಸ್‌ಗೆ ನಾಲ್ಕೈದು ಡಿಗ್ರಿ ಇಳಿಯುತ್ತದೆ.

ಥರ್ಮೋಕಪಲ್ ತೂತಿನ ಒಳಗೆ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. 1 ಮಿ.ಮೀ. ತೂತಿನಲ್ಲಿ ಅರ್ಧ ಮಿ.ಮೀ. ಥರ್ಮೋಕಪಲ್ ಇಟ್ಟರೆ ಅದು ಮೇಲೆ ಅಥವಾ ಕೆಳಗೆ ಕಾಲು ಮಿ.ಮೀ. ಸರಿಯಬಹುದು. 100 ವ್ಯಾಟ್‌ನಲ್ಲಿ ಅದು ಅರ್ಧ ಡಿಗ್ರಿಗಿಂತ ಜಾಸ್ತಿ.

## ಕುದಿತ ತಡವಾಗಿ ಶುರುವಾಗುತ್ತದೆ, ಆಮೇಲೆ ತಾಪ ದಢಕ್ಕನೆ ಇಳಿಯುತ್ತದೆ

ಪವರ್ ಏರಿಸುತ್ತಾ ಹೋಗುತ್ತೀರಿ, ಮೇಲ್ಮೈ ಸುಮ್ಮನಿದೆ, ಸೂಪರ್‌ಹೀಟ್ 15, 20 ಎಂದು ಏರುತ್ತಿದೆ. ಒಮ್ಮೆಲೇ ಎಲ್ಲ ಕಡೆ ಗುಳ್ಳೆ ಎದ್ದು ತಾಪ ಕೆಳಗೆ ಬೀಳುತ್ತದೆ. ಪವರ್ ಇಳಿಸುವಾಗ ಕರ್ವ್ ಬೇರೆ ದಾರಿ ಹಿಡಿಯುತ್ತದೆ. ಇದು ರಿಗ್‌ನ ದೋಷವಲ್ಲ, ನಿಮ್ಮ ಮೇಲ್ಮೈ ಏನೋ ಹೇಳುತ್ತಿದೆ.

ಗುಳ್ಳೆ ಹುಟ್ಟಬೇಕಾದರೆ ಒಳಗೆ ಸ್ವಲ್ಪ ಆವಿ ಅಥವಾ ಗಾಳಿ ಹಿಡಿದಿಟ್ಟ ಗುಳಿ ಬೇಕು. ಗುಳಿಯ ಬಾಯಿ ಎಷ್ಟು ಚಿಕ್ಕದೋ ಸೂಪರ್‌ಹೀಟ್ ಅಷ್ಟು ಜಾಸ್ತಿ ಬೇಕು. ನೀರಿಗೆ ಬಾಯಿಯ ತ್ರಿಜ್ಯ 1 ಮೈಕ್ರಾನ್ ಆದರೆ ಸುಮಾರು 33 ಡಿಗ್ರಿ, 5 ಮೈಕ್ರಾನ್ ಆದರೆ 6.5, 10 ಮೈಕ್ರಾನ್ ಆದರೆ 3 ಡಿಗ್ರಿ ಚಿಲ್ಲರೆ. ಬರೀ ನ್ಯಾನೋ ಹುಲ್ಲು ಬೆಳೆಸಿದ ಮೇಲ್ಮೈ ಇಲ್ಲಿ ಸೋಲುತ್ತದೆ. ನೋಡಲು ಒರಟು, ಆದರೆ ಆವಿ ಹಿಡಿಯುವಷ್ಟು ದೊಡ್ಡ ಗುಳಿ ಇಲ್ಲ. ಜೊತೆಗೆ ನೀರನ್ನು ತುಂಬಾ ಇಷ್ಟಪಡುವ ಮೇಲ್ಮೈ ಆದರೆ ಇದ್ದ ಗುಳಿಗಳೂ ಮುಳುಗಿ ಹೋಗುತ್ತವೆ. ಎಫ್‌ಸಿ-72, ನೊವೆಕ್ ಥರದ ದ್ರವಗಳು ಎಲ್ಲವನ್ನೂ ನೆನೆಸಿಬಿಡುತ್ತವೆ. ಅವುಗಳಲ್ಲಿ ಈ ತಡ ಇನ್ನೂ ಜೋರು.

ಒಮ್ಮೆ ಕುದಿಸಿ ತಣಿಸಿ, ನೀರಿನೊಳಗೇ ರಾತ್ರಿ ಬಿಟ್ಟು, ಮರುದಿನ ಮತ್ತೆ ಕುದಿಸಿ. ತಡ ಇನ್ನೂ ಜಾಸ್ತಿ ಆದರೆ ಗುಳಿಗಳು ಮುಳುಗುತ್ತಿವೆ ಎಂದರ್ಥ. ಮದ್ದು: 5–10 ಮೈಕ್ರಾನ್ ಬಾಯಿಯ, ಒಳಗೆ ಅಗಲವಾದ ಗುಳಿಗಳನ್ನು ಅಲ್ಲಲ್ಲಿ ಸೇರಿಸುವುದು. ಚಿಲ್ಲರ್‌ಗಳಲ್ಲಿ ದಶಕಗಳಿಂದ ಬಳಸುವ ಟರ್ಬೋ-ಬಿ, ಥರ್ಮೋಎಕ್ಸೆಲ್-ಇ ಕೊಳವೆಗಳೂ ಇದೇ ಉಪಾಯದವು. ಬಾಯಿ ಕಿರಿದು, ಒಳಗೆ ಸುರಂಗ.

ಒಂದು ಎಚ್ಚರಿಕೆ. ತಡವಾದ ಕುದಿತ ಒಮ್ಮೆಲೇ ಸಿಡಿದಾಗ ಬಿಸಿ ನೀರು ಮೇಲಕ್ಕೆ ಚಿಮ್ಮುತ್ತದೆ. ಆ ಹೊತ್ತಿನಲ್ಲಿ ಪಾತ್ರೆಯ ಮೇಲೆ ಬಗ್ಗಿ ನೋಡಬೇಡಿ.

## ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿದೆ

ಇದೂ ಒಂದು ಲಕ್ಷಣವೇ, ಅಲ್ವಾ? ಗೈಡ್ ಖುಷಿಪಡುವ ಮುಂಚೆ ನೀವೇ ಅನುಮಾನಪಡಿ.

ಪ್ಲೇನ್ ತುಂಡನ್ನು ಯಾವ ಎಮರಿ ಪೇಪರ್‌ನಲ್ಲಿ ಉಜ್ಜಿದ್ದೀರಿ? ರೋಸೆನೋ ಸೂತ್ರದ ಸ್ಥಿರಾಂಕ ಪಾಲಿಶ್ ತಾಮ್ರಕ್ಕೆ 0.0128, ಗೀರು ಹಾಕಿದ ತಾಮ್ರಕ್ಕೆ 0.0068. ಅಂದರೆ ಮೊದಲ ತುಂಡು 19 ಡಿಗ್ರಿಯಲ್ಲಿ ಸಾಗಿಸುವ ಶಾಖವನ್ನು ಎರಡನೆಯದು 10 ಡಿಗ್ರಿಯಲ್ಲೇ ಸಾಗಿಸುತ್ತದೆ. ಒಂದು ಹಾಳೆ ಎಮರಿ ಪೇಪರ್ ಸೂಪರ್‌ಹೀಟನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ! ಕನ್ನಡಿಯಂತೆ ಪಾಲಿಶ್ ಮಾಡಿದ ತುಂಡನ್ನು ಎದುರಿಗಿಟ್ಟು 'ನಮ್ಮ ಕಂಬಗಳಿಂದ ದುಪ್ಪಟ್ಟು' ಎಂದರೆ ಅದರಲ್ಲಿ ಕಂಬಗಳ ಪಾಲು ಎಷ್ಟು? ಇದು ಪ್ರಕಟವಾಗುವ ಪೇಪರ್‌ಗಳಲ್ಲೂ ಕಾಣುವ ಚಟ, ನನಗಂತೂ ಇದು ಸರಿ ಕಾಣುವುದಿಲ್ಲ. ಪೇಪರ್‌ನ ಗ್ರೇಡ್, ಒರಟುತನದ ಅಳತೆ ಎರಡನ್ನೂ ಬರೆಯಿರಿ.

ಆಮೇಲೆ ನೀರು ನಿಜಕ್ಕೂ ಕುದಿಯುವ ತಾಪದಲ್ಲಿದೆಯೇ ನೋಡಿ. ನಾಲ್ಕೈದು ಡಿಗ್ರಿ ತಣ್ಣಗಿದ್ದರೂ ಸಿಎಚ್‌ಎಫ್ ಮೇಲೇರುತ್ತದೆ. ತುಂಡಿನ ಹತ್ತಿರವೇ ಒಂದು ಥರ್ಮೋಕಪಲ್ ಇಳಿಬಿಡಿ. ಪಾತ್ರೆಯ ಮೂಲೆಯದ್ದನ್ನು ನಂಬಬೇಡಿ.

ತುಂಡಿನ ತಟ್ಟೆ ಕುತ್ತಿಗೆಗಿಂತ ಅಗಲವಾಗಿದ್ದರೆ ಶಾಖ ಪಕ್ಕಕ್ಕೆ ಹರಡಿ ಅಲ್ಲಿಂದಲೂ ನೀರಿಗೆ ಹೋಗುತ್ತದೆ. ನೀವು ಮಾತ್ರ ಒಂದು ಚದರ ಸೆಂ.ಮೀ.ಯಿಂದ ಭಾಗಿಸಿರುತ್ತೀರಿ. ಹಾಗೆಯೇ ಹೀಟರ್‌ಗೆ ಕೊಟ್ಟ ವ್ಯಾಟ್ ಅನ್ನೇ ಫ್ಲಕ್ಸ್ ಎಂದು ಬರೆಯಬೇಡಿ. ಪಕ್ಕದಿಂದ ಸೋರಿದ್ದು ಅದರಲ್ಲಿ ಸೇರಿದೆ. ಫ್ಲಕ್ಸ್ ಬರಬೇಕಾದದ್ದು ಕುತ್ತಿಗೆಯ ಥರ್ಮೋಕಪಲ್‌ಗಳಿಂದ. ಎರಡೂ ಅಂಕಿಗಳ ಅಂತರ ಒಂದು ರನ್‌ನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದರೆ ಇನ್ಸುಲೇಷನ್ ನೆನೆದಿದೆ.

ತುಂಡಿನ ಗಾತ್ರವೂ ಆಟವಾಡುತ್ತದೆ. ಜುಬರ್ ಲೆಕ್ಕ ದೊಡ್ಡ ಮೇಲ್ಮೈಗೆ ಮಾಡಿದ್ದು. ನೀರಿನಲ್ಲಿ ಆವಿಯ ಕಂಬಗಳ ನಡುವಿನ ಸಹಜ ಅಂತರ ಸುಮಾರು 27 ಮಿ.ಮೀ. ನಿಮ್ಮದು 10 ಮಿ.ಮೀ. ತುಂಡಾದರೆ ಜುಬರ್ ಅಂಕಿಗಿಂತ ನಿಮ್ಮದೇ ಪ್ಲೇನ್ ತುಂಡು, ಅದೇ ಅಳತೆಯದ್ದು, ಸರಿಯಾದ ಹೋಲಿಕೆ.

## ಸೂಪರ್‌ಹೀಟ್ ಇಳಿದಿದೆ, ಸಿಎಚ್‌ಎಫ್ ಮಾತ್ರ ಏರಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು. ಬೇರು ಇರುವುದು ಒಂದು ತಪ್ಪು ನಂಬಿಕೆಯಲ್ಲಿ: 'ಮೇಲ್ಮೈ ವಿಸ್ತೀರ್ಣ ಜಾಸ್ತಿ ಮಾಡಿದರೆ ಎಲ್ಲವೂ ಸುಧಾರಿಸುತ್ತದೆ.' ಇಲ್ಲ. ಸೂಪರ್‌ಹೀಟ್ ಇಳಿಸುವುದು ಗುಳ್ಳೆ ಹುಟ್ಟುವ ಗುಳಿಗಳ ಕೆಲಸ. ಸಿಎಚ್‌ಎಫ್ ಏರಿಸುವುದು ಒಣಗುತ್ತಿರುವ ಜಾಗಕ್ಕೆ ನೀರು ಮತ್ತೆ ಓಡಿಬರುವ ವೇಗದ ಕೆಲಸ. ಒಂದೇ ರಚನೆ ಎರಡನ್ನೂ ಮಾಡಬೇಕೆಂದೇನಿಲ್ಲ. ಗುಳಿ ಜಾಸ್ತಿ ಆದರೆ ಗುಳ್ಳೆ ಜಾಸ್ತಿ. ಗುಳ್ಳೆ ತೀರಾ ಜಾಸ್ತಿ ಆದರೆ ಅವು ಬೇಗ ಒಂದಾಗಿ ಮೇಲ್ಮೈ ಮುಚ್ಚುತ್ತವೆ. ನೀವು ಚೆನ್ನಾಗಿ ಮಾಡಿದ್ದೇ ಮುಳುವಾಗಬಹುದು.

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ತುಂಡನ್ನು ಬಿಚ್ಚಿ, ಒಣಗಿಸಿ, ಮೇಲೆ ಒಂದು ಹನಿ ಡಿಸ್ಟಿಲ್ಡ್ ನೀರು ಬಿಡಿ. ಹನಿ ಕ್ಷಣದಲ್ಲಿ ಹರಡಿ, ಅದರ ಅಂಚಿನಾಚೆ ಕಂಬಗಳ ನಡುವೆ ತೆಳುವಾದ ಒದ್ದೆ ಪಟ್ಟಿ ಓಡಿದರೆ ಹೀರುವ ಗುಣ ಇದೆ. ಹನಿ ಗುಂಡಗೆ ಕೂತರೆ ರಚನೆಯ ಮೇಲೆ ಕೊಳೆ ಇದೆ ಅಥವಾ ರಚನೆಯೊಳಗೆ ಗಾಳಿ ಸಿಕ್ಕಿಕೊಂಡಿದೆ. ಆ ತುಂಡಿನಿಂದ ಸಿಎಚ್‌ಎಫ್ ನಿರೀಕ್ಷಿಸಬೇಡಿ. ಮುಂದಿನದು, ತುಂಡನ್ನು ನೆಟ್ಟಗೆ ಹಿಡಿದು ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ವಿಡಿಯೋ ಮಾಡಿ. ನೀರಿನ ಗೆರೆ ಮೇಲೇರುವ ವೇಗ ಎರಡು ರಚನೆಗಳನ್ನು ಹೋಲಿಸಲು ಸಾಕು.

ಹನಿ ಹರಡುತ್ತದೆ, ಆದರೆ ನಿಧಾನ ಎಂದಾದರೆ ಸಂದುಗಳು ತೀರಾ ಕಿರಿದಾಗಿರಬಹುದು. ಸಂದು ಕಿರಿದಾದಷ್ಟೂ ಹೀರುವ ಬಲ ಜಾಸ್ತಿ, ನಿಜ. ಆದರೆ ನೀರು ಹರಿಯುವ ಅಡ್ಡಿ ಅದಕ್ಕಿಂತ ಬೇಗ ಜಾಸ್ತಿಯಾಗುತ್ತದೆ. ನಡುವೆ ಎಲ್ಲೋ ಒಂದು ಒಳ್ಳೆಯ ಅಂತರ ಇದೆ. ಒಂದೇ ತುಂಡಿನಿಂದ ಅದು ಸಿಗುವುದಿಲ್ಲ, ಅಂತರ ಬದಲಿಸಿ ಮೂರ್ನಾಲ್ಕು ತುಂಡು ಮಾಡಿಸಲೇಬೇಕು.

ಹೀರುವಿಕೆಯೂ ಚೆನ್ನಾಗಿದ್ದು, ಜಾಸ್ತಿ ಫ್ಲಕ್ಸ್‌ನಲ್ಲಿ ಕರ್ವ್ ಬಲಕ್ಕೆ ಬಾಗುತ್ತಿದ್ದರೆ ಆವಿ ಹೊರಬರಲು ದಾರಿ ಸಿಗುತ್ತಿಲ್ಲ. ಎತ್ತರವಾದ, ಒತ್ತಾದ ರಚನೆಗಳಲ್ಲಿ, ದಪ್ಪ ಸಿಂಟರ್ ಪದರಗಳಲ್ಲಿ ಇದು ಸಾಮಾನ್ಯ. ಒಳಗೆ ಬರುವ ನೀರೂ ಹೊರಗೆ ಹೋಗುವ ಆವಿಯೂ ಒಂದೇ ಗಲ್ಲಿಯಲ್ಲಿ ಗುದ್ದಾಡುತ್ತಿವೆ. ಪರಿಹಾರ ಇಬ್ಬರಿಗೂ ಬೇರೆ ದಾರಿ ಕೊಡುವುದು. ಲಿಟರ್ ಮತ್ತು ಕವಿಯಾನಿ 2001ರಲ್ಲಿ ತೋರಿಸಿದ್ದು ಇದನ್ನೇ. ಸರಂಧ್ರ ಪದರವನ್ನು ಸಪಾಟಾಗಿ ಬಿಡದೆ ಶಂಕುಗಳ ಸಾಲಿನಂತೆ ಮಾಡಿದಾಗ, ಪೆಂಟೇನ್ ದ್ರವದಲ್ಲಿ ಸಿಎಚ್‌ಎಫ್ ಪ್ಲೇನ್ ಮೇಲ್ಮೈಯ ಸುಮಾರು ಮೂರು ಪಟ್ಟಾಯಿತು. ಅಮೆರಿಕದ ಎಂಐಟಿಯ ತಂಡ 2012ರಲ್ಲಿ ಸಿಲಿಕಾನ್ ಕಂಬಗಳ ಮೇಲೆ ನೀರು ಕುದಿಸಿ ಚದರ ಸೆಂ.ಮೀ.ಗೆ ಸುಮಾರು 200 ವ್ಯಾಟ್ ಮುಟ್ಟಿತು. ಅಲ್ಲಿಯದೇ 2022ರ ಕೆಲಸದಲ್ಲಿ ಗುಳಿಗಳನ್ನೂ ಕಂಬಗಳನ್ನೂ ಬೇರೆ ಬೇರೆ ಕೆಲಸಕ್ಕೆ ಹಂಚಿದ್ದಾರೆ: ಸುಮಾರು 10 ಮೈಕ್ರಾನ್ ಗುಳಿಗಳನ್ನು ಸುಮಾರು 2 ಮಿ.ಮೀ. ದೂರ ದೂರ ಇಟ್ಟು ಗುಳ್ಳೆಗಳನ್ನು ಬೇರೆಯಾಗಿ ಹಿಡಿದರು, ನಡುವಿನ ಕಂಬಗಳಿಗೂ ನ್ಯಾನೋ ರಚನೆಗೂ ನೀರು ತರುವ ಕೆಲಸ ಕೊಟ್ಟರು. ಗುಳಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು ಎಂದುಕೊಂಡವರು ಆ 2 ಮಿ.ಮೀ. ಅಂತರವನ್ನು ಇನ್ನೊಮ್ಮೆ ಓದಿ.

## ಮೊದಲ ರನ್ ಚೆನ್ನಾಗಿತ್ತು, ದಿನ ಕಳೆದಂತೆ ಇಳಿಯುತ್ತಿದೆ

ಇದು ಹೊಸ ರೋಗವಲ್ಲ. 1931ರಲ್ಲೇ ಯಾಕೋಬ್ ಮತ್ತು ಫ್ರಿಟ್ಸ್, ಒರಟು ಮಾಡಿದ ಮೇಲ್ಮೈಯ ಲಾಭ ಕುದಿಯುತ್ತಾ ಕುದಿಯುತ್ತಾ ಕರಗುವುದನ್ನು ಕಂಡಿದ್ದರು. ಗುಳಿಗಳಲ್ಲಿದ್ದ ಗಾಳಿ ಖಾಲಿಯಾಗಿ ನೀರು ತುಂಬಿಕೊಂಡಿತು. ಹಾಗಾಗಿ ಮೊದಲ ರನ್‌ನ ಅಂಕಿಯನ್ನು ಎಂದೂ ಫಲಿತಾಂಶ ಎಂದು ಕರೆಯಬೇಡಿ. ಒಂದಾದ ಮೇಲೊಂದು ರನ್ ಮಾಡಿ, ಕರ್ವ್‌ಗಳು ಒಂದರ ಮೇಲೊಂದು ಕೂರಬೇಕು.

ಕೂರದಿದ್ದರೆ ಮೊದಲು ನೀರು ನೋಡಿ. ಮನೆಗಳಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಸಾಕು. ಡಿಅಯನೈಸ್ಡ್ ನೀರಿಗೆ 0 ಅಥವಾ 1 ತೋರಿಸಬೇಕು. ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಕೊಡುವ 'ಡಿಸ್ಟಿಲ್ಡ್ ವಾಟರ್' ಕ್ಯಾನ್‌ಗಳನ್ನು ಅಳೆಯದೆ ಸುರಿಯಬೇಡಿ. ಬೋರ್‌ವೆಲ್ ನೀರಂತೂ ದೂರ ಇರಲಿ. ಅದರ ಸುಣ್ಣ ಒಂದೇ ರನ್‌ನಲ್ಲಿ ಕಂಬಗಳ ನಡುವೆ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ಬೆಳಗ್ಗೆ ಒಳ್ಳೆಯ ನೀರು ಹಾಕಿದ್ದರೂ ಸೀಲ್, ಸೋಲ್ಡರ್ ಹಾಕುವಾಗ ಹಚ್ಚುವ ಫ್ಲಕ್ಸ್, ಸ್ಟೀಲ್ ಪಾತ್ರೆಯಿಂದ ಏನಾದರೂ ಕರಗಿರಬಹುದು. ರನ್ ಮುಗಿದ ಮೇಲೂ ಅಳೆಯಿರಿ.

ಆಮೇಲೆ ಬಣ್ಣ. ತಾಮ್ರ ಕಂದು, ಆಮೇಲೆ ಕಪ್ಪಾಗುವುದು ಆಕ್ಸೈಡ್. ಸ್ವಲ್ಪ ಆಕ್ಸೈಡ್ ನೀರನ್ನು ಇನ್ನೂ ಚೆನ್ನಾಗಿ ಹರಡಿಸುತ್ತದೆ, ಸಿಎಚ್‌ಎಫ್ ಏರಲೂಬಹುದು. ಆದರೆ ನಿಮ್ಮ ಹೋಲಿಕೆ ಕೆಡುತ್ತದೆ. ಪ್ಲೇನ್ ತುಂಡು ಹೊಳೆಯುತ್ತಿದ್ದು, ರಚನೆಯ ತುಂಡು ಕಪ್ಪಾಗಿದ್ದರೆ ಹೋಲಿಸುತ್ತಿರುವುದು ರಚನೆಯನ್ನಲ್ಲ, ಬಣ್ಣವನ್ನು.

ಕಪಾಟಿನಲ್ಲಿಟ್ಟ ತುಂಡೂ ಕೆಡುತ್ತದೆ. ಗಾಳಿಯಲ್ಲಿರುವ ಎಣ್ಣೆಯಂಥ ಆವಿಗಳು ಲೋಹದ ಆಕ್ಸೈಡ್ ಮೇಲೆ ಮೆಲ್ಲಗೆ ಅಂಟುತ್ತವೆ. ಇಂದು ಹನಿಯನ್ನು ಕುಡಿದ ಮೇಲ್ಮೈ ಕೆಲವು ದಿನ ಬಿಟ್ಟರೆ ಹನಿಯನ್ನು ಗುಂಡಗೆ ಕೂರಿಸುತ್ತದೆ. ಮಾಡಿದ ಕೂಡಲೇ ಪರೀಕ್ಷಿಸಿ, ಇಲ್ಲವೇ ರನ್‌ಗೆ ಮುಂಚೆ ಪ್ಲಾಸ್ಮಾ ಕ್ಲೀನ್ ಮಾಡಿಸಿ. ಪ್ರತಿ ಸಲವೂ ಒಂದೇ ಕ್ರಮ ಇರಲಿ.

ಇಷ್ಟೆಲ್ಲ ಸರಿಯಿದ್ದೂ ಇಳಿಯುತ್ತಿದ್ದರೆ ಆಗ ಎಸ್‌ಇಎಂ. ಮುರಿದ ಕಂಬ, ಕಿತ್ತು ಬಂದ ಪುಡಿ, ತುಂಬಿದ ಸಂದು ಅಲ್ಲಿ ಕಾಣುತ್ತವೆ. ರನ್‌ಗೆ ಮುಂಚಿನ ಚಿತ್ರವೂ ಬೇಕು, ಅದಿಲ್ಲದೆ ಹೋಲಿಸುವುದು ಯಾವುದಕ್ಕೆ?

ಮೇಲ್ಮೈಯನ್ನು ಮತ್ತೆ ರಾಸಾಯನಿಕದಿಂದ ಬೆಳೆಸುವವರಿಗೆ ಒಂದು ಮಾತು. ತಾಮ್ರದ ಮೇಲೆ ಆಕ್ಸೈಡ್ ಅಲಗುಗಳನ್ನು ಬೆಳೆಸುವ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಸೋಡಿಯಂ ಕ್ಲೋರೈಟ್ ಇರುತ್ತದೆ. ಅದಕ್ಕೆ ಆಮ್ಲ ತಾಗಿದರೆ ಕ್ಲೋರಿನ್ ಡೈಆಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಫ್ಯೂಮ್ ಹುಡ್ ಇಲ್ಲದೆ ಬೇಡ, ಆಮ್ಲದ ಬಾಟಲಿ ಅದೇ ಮೇಜಿನ ಮೇಲೆ ಬೇಡ. ಸಿಲಿಕಾನ್‌ಗೆ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಮ್ಲ) ಬೇಕಾದರೆ ಕ್ಲೀನ್‌ರೂಮ್‌ನಲ್ಲಿ ತರಬೇತಿ ಆದವರೇ ಮಾಡಲಿ.

## ತಾಪ ಒಮ್ಮೆಲೇ ಏರತೊಡಗಿತು

ಮೊದಲು ಪವರ್ ಕತ್ತರಿಸಿ. ಯೋಚನೆ ಆಮೇಲೆ. ಅರ್ಧ ಕಿಲೋ ತಾಮ್ರಕ್ಕೆ 150 ವ್ಯಾಟ್ ಹೋಗುತ್ತಿದ್ದು ನೀರು ಶಾಖ ತೆಗೆಯುವುದು ನಿಂತರೆ ಬ್ಲಾಕ್ ಪ್ರತಿ ಸೆಕೆಂಡಿಗೆ ಮುಕ್ಕಾಲು ಡಿಗ್ರಿ ಏರುತ್ತದೆ. ಒಂದು ನಿಮಿಷಕ್ಕೆ 45 ಡಿಗ್ರಿ. ತವರ-ಸೀಸದ ಸೋಲ್ಡರ್ 183 ಡಿಗ್ರಿಗೇ ಕರಗತೊಡಗುತ್ತದೆ. ಹೀಟರ್ ಹತ್ತಿರದ ಭಾಗ ಮೊದಲೇ 250 ಡಿಗ್ರಿ ದಾಟಿರಬಹುದು. ಅಲ್ಲಿ ಟೆಫ್ಲಾನ್ ಇನ್ಸುಲೇಷನ್ ಇಟ್ಟಿದ್ದರೆ ಅದರ ಮಿತಿ 260.

ಎಫ್‌ಸಿ-72 ಥರದ ಫ್ಲೋರಿನ್ ದ್ರವದಲ್ಲಿ ಹೀಗಾದರೆ ಕೋಣೆಯಿಂದ ಹೊರಗೆ ಬನ್ನಿ. ತೀರಾ ಕಾದ ಲೋಹದ ಮೇಲೆ ಅವು ಒಡೆದು ವಿಷಕಾರಿ ಅನಿಲ ಕೊಡುತ್ತವೆ.

ತಣ್ಣಗಾದ ಮೇಲೆ ದಾಖಲೆ ತೆಗೆದು ನೋಡಿ. ಒಂದೇ ಚಾನೆಲ್ ಹಾರಿ ಉಳಿದವು ಸುಮ್ಮನಿದ್ದರೆ ಥರ್ಮೋಕಪಲ್ ಜಾರಿದೆ ಅಥವಾ ವೈರ್ ಸಡಿಲ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಏರಿ, ಅವುಗಳ ನಡುವಿನ ವ್ಯತ್ಯಾಸ ಕುಗ್ಗಿದ್ದರೆ, ವಿಡಿಯೋದಲ್ಲಿ ಗುಳ್ಳೆಗಳ ಗದ್ದಲ ಅಡಗಿ ದೊಡ್ಡ ದೊಡ್ಡ ಆವಿಯ ಗುಂಡುಗಳು ನಿಧಾನವಾಗಿ ಏಳುತ್ತಿದ್ದರೆ, ಅದು ನಿಜವಾದ ಸಿಎಚ್‌ಎಫ್. ಚಾನೆಲ್‌ಗಳು ಏರಿದರೂ ಮೇಲೆ ಸಣ್ಣ ಗುಳ್ಳೆಗಳ ಕುದಿತ ಮುಂದುವರಿದೇ ಇದ್ದರೆ ಜಾಯಿಂಟ್ ಬಿಟ್ಟಿದೆ. ಈ ಮೂರನ್ನು ಬೇರ್ಪಡಿಸದೆ ಸಿಎಚ್‌ಎಫ್ ಅಂಕಿ ಬರೆಯಬೇಡಿ. ಮೇಲ್ಮೈ ಒಣಗಿದ್ದು 60 ವ್ಯಾಟ್‌ಗೇ ಆಗಿದ್ದು, ಪ್ಲೇನ್ ತುಂಡು 100 ಕೊಟ್ಟಿದ್ದರೆ ಮೊದಲ ಅನುಮಾನ ಜಾಯಿಂಟ್ ಮೇಲೆ.

ಬಿಸಿ ಇರುವಾಗ ತಣ್ಣೀರು ಸುರಿಯಬೇಡಿ, ಗಾಜು ಸೀಳುತ್ತದೆ. ಸಣ್ಣ ಗೀರು ಕಂಡ ಗಾಜನ್ನೂ ಮತ್ತೆ ಬಳಸಬೇಡಿ. ಹೀಟರ್ ರೆಸಿಸ್ಟೆನ್ಸ್ ಅಳೆದು ಮೊದಲಿನ ಅಂಕಿಯ ಜೊತೆ ಹೋಲಿಸಿ, ಮೆಗ್ಗರ್ ಹಾಕಿ. ಎರಡರಲ್ಲಿ ಒಂದು ಬದಲಾಗಿದ್ದರೂ ಹೊಸ ಹೀಟರ್. ಸಿಎಚ್‌ಎಫ್ ದಾಟಿ ಒಣಗಿದ ತುಂಡು ಬಣ್ಣ ಬದಲಿಸಿರುತ್ತದೆ, ಅದಕ್ಕೆ ಹೊಸ ಹೆಸರು ಕೊಟ್ಟು ಬೇರೆ ತುಂಡು ಎಂದೇ ದಾಖಲಿಸಿ. ಮುಂದಿನ ರನ್ ರಚನೆಯದ್ದಲ್ಲ, ಪ್ಲೇನ್ ತುಂಡಿನದ್ದು. ಅದರ ಕರ್ವ್ ಹಳೆಯದರ ಮೇಲೆ ಕೂತರೆ ರಿಗ್ ಉಳಿದಿದೆ. ಕೂರದಿದ್ದರೆ ಸೋಲ್ಡರ್ ಜಾಯಿಂಟ್ ಬಿಚ್ಚಿ, ಬ್ಲಾಕನ್ನು ವರ್ಕ್‌ಶಾಪ್‌ಗೆ ಕಳಿಸಿ.